ಹಾಡು ಕಲಿಯುವುದು, ಹಾಡು ಕಲಿಸುವುದು



ನಿಮ್ಮಲ್ಲಿ ಹಲವರಿಗೆ ಹಾಡಲು ಬರುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಮುಂದೆ ನಿಂತು ಹೇಳಿಕೊಡುವವರು, ಗಣೇಶನ ಹಬ್ಬದಲ್ಲಿ ಮೈಕಿನ ಮುಂದೆ ನಿಲ್ಲುವವರು, ಭಜನೆಯ ಮನೆಯಲ್ಲಿ ಹಿರಿಯರ ಪಕ್ಕ ಕುಳಿತು ತಾಳ ಹಾಕುವವರು ನಿಮ್ಮೊಳಗೇ ಇದ್ದೀರಿ. ಹತ್ತನೆಯ ತರಗತಿಯವರೆಗೆ ನಿಮ್ಮ ಹಾಡನ್ನು ಎಲ್ಲರೂ ಮೆಚ್ಚುತ್ತಾರೆ. ಪಿಯುಸಿ ಮುಗಿದು "ಮುಂದೇನು?" ಎಂಬ ಪ್ರಶ್ನೆ ಬಂದ ದಿನ ಮಾತ್ರ ಮನೆಯ ಹವೆ ಬದಲಾಗುತ್ತದೆ. ಬಿ.ಎಸ್ಸಿ. ಎಂದರೆ ಸರಿ, ಬಿ.ಕಾಂ. ಎಂದರೂ ಸರಿ, ಸಂಗೀತ ಎಂದರೆ ಅಪ್ಪ ಬೀಡಿ ಆರಿಸಿ ಒಮ್ಮೆ ನಿಮ್ಮ ಮುಖ ನೋಡಿ, "ಹಾಡಿದ್ರ ಹೊಟ್ಟಿ ತುಂಬ್ತೈತೇನಪ್ಪಾ?" ಎಂದು ಕೇಳುತ್ತಾರೆ.

ಈ ಪ್ರಶ್ನೆ ತಪ್ಪಲ್ಲ. ಮಳೆಯನ್ನು ನಂಬಿ ಮೆಕ್ಕೆಜೋಳ ಬಿತ್ತುವ ರೈತ ತನ್ನ ಮಗನ ಅಥವಾ ಮಗಳ ಐದಾರು ವರ್ಷಗಳನ್ನು ಎಲ್ಲಿ ಬಿತ್ತಬೇಕೆಂದು ಕೇಳುವುದು ನ್ಯಾಯವೇ. ಆದ್ದರಿಂದ ಇಂದಿನ ಮಾತಿನಲ್ಲಿ ಆ ಪ್ರಶ್ನೆಯನ್ನು ಬದಿಗೆ ಸರಿಸದೆ ಎದುರಿಗಿಟ್ಟುಕೊಂಡೇ ಮುಂದುವರಿಯೋಣ. ಸಂಗೀತದಲ್ಲಿ ಪದವಿ, ಅದರ ಮೇಲೆ ಸ್ನಾತಕೋತ್ತರ ಪದವಿ, ಅದರಲ್ಲಿಯೂ ಸಂಗೀತವನ್ನು ಇತರರಿಗೆ ಕಲಿಸುವ ಉದ್ದೇಶದಿಂದ ಪಡೆಯುವ ವಿದ್ಯಾಭ್ಯಾಸ, ಇವುಗಳಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ವಿಚಾರ ಮಾಡೋಣ.

ಮಾತಿಗೆ ಒಂದು ನೆಲೆ ಬೇಕು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯನ್ನೇ ತೆಗೆದುಕೊಳ್ಳೋಣ. ಹರಪನಹಳ್ಳಿಗೂ ದಾವಣಗೆರೆಗೂ ನಡುವೆ ಇರುವ ಊರು ಇದು. ಈ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಹಾಡು ಬದಲಾಗಲಿಲ್ಲ. ಬಯಲಾಟದ ಭಾಗವತಿಕೆ, ಮದುವೆಯ ಸೋಬಾನೆ, ಎಲ್ಲಮ್ಮನ ಜೋಗತಿಯರ ಚೌಡಿಕೆ ಪದ, ಕೋಲಾಟ, ಶ್ರಾವಣದ ಭಜನೆ ಇವೆಲ್ಲ ಇಲ್ಲಿನ ಗಾಳಿಯಲ್ಲಿಯೇ ಇವೆ. 19ನೆಯ ಶತಮಾನದಲ್ಲಿ 'ಭೀಮೇಶಕೃಷ್ಣ' ಎಂಬ ಅಂಕಿತದಲ್ಲಿ ಹಾಡುಗಳನ್ನು ರಚಿಸಿದ ಹರಪನಹಳ್ಳಿ ಭೀಮವ್ವ ಈ ತಾಲ್ಲೂಕಿನ ಹೆಸರನ್ನು ಹರಿದಾಸ ಸಾಹಿತ್ಯದಲ್ಲಿ ಉಳಿಸಿದ್ದಾರೆ.

ಅಂದರೆ ಈ ಭಾಗದಲ್ಲಿ ಸಂಗೀತಕ್ಕೆ ಬರವಿಲ್ಲ. ಬರವಿರುವುದು ಸಂಗೀತವನ್ನು ಕ್ರಮವಾಗಿ ಹೇಳಿಕೊಡುವವರಿಗೆ. ಇಂತಹ ಊರುಗಳ ಬಹುಪಾಲು ಸರಕಾರಿ ಶಾಲೆಗಳಲ್ಲಿ ಸಂಗೀತಕ್ಕೆಂದೇ ನೇಮಕಗೊಂಡ ಶಿಕ್ಷಕರಿರುವುದಿಲ್ಲ. ಹಾಡು ಬರುವ ಕನ್ನಡದ ಮೇಷ್ಟ್ರು ಅಥವಾ ಅಕ್ಕಾವ್ರು ಬಿಡುವು ಮಾಡಿಕೊಂಡು ಕಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವರಿಗೆ ವರ್ಗವಾದರೆ ಹಾಡೂ ಅವರೊಡನೆ ಊರು ಬಿಡುತ್ತದೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಹಾಡಬಲ್ಲವರೆಲ್ಲರೂ ಹಾಡನ್ನು ಕಲಿಸಬಲ್ಲವರಾಗಿರುವುದಿಲ್ಲ. ಕಲಿಸುವುದು ಒಂದು ಪ್ರತ್ಯೇಕ ವಿದ್ಯೆ. ನಮ್ಮ ನಾಡಿನಲ್ಲಿ ಈ ವಿದ್ಯೆಯ ಮೊದಲ ದೊಡ್ಡ ಆಚಾರ್ಯರು ಯಾರೆಂದು ಕೇಳಿದರೆ, ಉತ್ತರ ತೆಲಿಗಿಯಿಂದ ಬಹು ದೂರವೇನೂ ಇಲ್ಲ. ಅದೇ ವಿಜಯನಗರ ಜಿಲ್ಲೆಯ ಹಂಪಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಪುರಂದರ ಮಂಟಪವಿದೆ. ಪುರಂದರದಾಸರನ್ನು ನಾವು ಭಕ್ತಕವಿಯೆಂದು ಓದುತ್ತೇವೆ. ಸಂಗೀತಗಾರರು ಅವರನ್ನು 'ಕರ್ನಾಟಕ ಸಂಗೀತ ಪಿತಾಮಹ'ರೆಂದು ಕರೆಯುತ್ತಾರೆ. ಅವರ ಕೀರ್ತನೆಗಳ ಹಿರಿಮೆಯ ಜೊತೆಗೆ ಈ ಬಿರುದಿಗೆ ಮತ್ತೊಂದು ಕಾರಣವೂ ಇದೆ. ಸಂಗೀತವನ್ನು ಹೊಸಬರಿಗೆ ಯಾವ ಕ್ರಮದಲ್ಲಿ ಕಲಿಸಬೇಕೆಂಬ ಪಾಠಕ್ರಮವನ್ನು ರೂಪಿಸಿದವರು ಅವರೆಂಬುದು ಪರಂಪರೆಯ ಮಾತು.

ಆ ಕ್ರಮವನ್ನು ನೋಡಿರಿ. ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಆ ಮೇಲೆ ಜಂಟಿ ವರಸೆ, ಬಳಿಕ ಏಳು ತಾಳಗಳ ಅಲಂಕಾರ, ಅನಂತರ ಪಿಳ್ಳಾರಿ ಗೀತೆಗಳು. ಮಾಯಾಮಾಳವಗೌಳವೇ ಏಕೆ? ಅದರಲ್ಲಿ ಸ-ರಿ, ಗ-ಮ, ಪ-ಧ, ನಿ-ಸ ಜೋಡಿಗಳು ತೀರ ಹತ್ತಿರ ಕೂಡುತ್ತವೆ; ರಿ-ಗ, ಧ-ನಿಗಳ ನಡುವೆ ದೊಡ್ಡ ಅಂತರ ಉಳಿಯುತ್ತದೆ. ಮೇಲಿನ ಅರ್ಧ ಕೆಳಗಿನ ಅರ್ಧದ ಪಡಿಯಚ್ಚು. ಹತ್ತಿರದ ಸ್ವರ ಯಾವುದು, ದೂರದ ಸ್ವರ ಯಾವುದು ಎಂಬುದು ಮಗುವಿನ ಕಿವಿಗೆ ಬೇಗ ಹೊಳೆಯುತ್ತದೆ. ಸುಲಭದಿಂದ ಕಠಿಣಕ್ಕೆ, ಬಿಡಿಯಿಂದ ಇಡಿಗೆ, ಸ್ವರದಿಂದ ಸಾಹಿತ್ಯಕ್ಕೆ ಹೋಗುವ ಈ ಮೆಟ್ಟಿಲುಗಳನ್ನು ದಕ್ಷಿಣ ಭಾರತದಲ್ಲಿ ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇಂದಿಗೂ ಹತ್ತುತ್ತಿದ್ದಾರೆ. ಶಿಕ್ಷಣಶಾಸ್ತ್ರವೆಂಬ ಹೆಸರು ನಮ್ಮಲ್ಲಿ ಬಳಕೆಗೆ ಬರುವ ಮೊದಲೇ ಆ ಕೆಲಸ ಇಲ್ಲಿ ನಡೆದಿತ್ತು.

ಆದರೆ ಪಾಠ ಸಿದ್ಧವಿದ್ದರೂ ಪಾಠಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಅರಮನೆ, ಮನೆತನ, ಗುರುವಿನ ಕೃಪೆ ಇವು ಇದ್ದವರಿಗೆ ಮಾತ್ರ ವಿದ್ಯೆ ದಕ್ಕುತ್ತಿತ್ತು. ಈ ಸ್ಥಿತಿ ಬದಲಾದದ್ದು ಹೆಚ್ಚುಕಡಿಮೆ ಕಳೆದ ನೂರೈವತ್ತು ವರ್ಷಗಳ ಒಳಗೆ. ಬರೋಡಾ ಸಂಸ್ಥಾನದಲ್ಲಿ ಮೌಲಾ ಬಕ್ಷರು 1886ರಲ್ಲಿ ಗಾಯನಶಾಲೆಯನ್ನು ಆರಂಭಿಸಿದರು. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ಪಂಡಿತ ಭಾತಖಂಡೆಯವರ ಪ್ರಯತ್ನದಿಂದ 1926ರಲ್ಲಿ ಲಖನೌದಲ್ಲಿ ಸಂಗೀತ ಕಾಲೇಜು ಬಂದಿತು. ಇದರಿಂದ ಒಂದು ದೊಡ್ಡ ಬದಲಾವಣೆಯಾಯಿತು. ಅರ್ಜಿ ಬರೆದು, ಶುಲ್ಕ ಕಟ್ಟಿ, ತರಗತಿಯಲ್ಲಿ ಕುಳಿತು ಸಂಗೀತ ಕಲಿಯಬಹುದು. ನೀನು ಯಾರ ಮಗ, ಯಾವ ಮನೆತನದವಳು ಎಂಬ ಪ್ರಶ್ನೆಗೆ ಮೊದಲಿದ್ದ ಬಲ ಉಳಿಯಲಿಲ್ಲ.

ಕರ್ನಾಟಕದಲ್ಲಿಯೂ ಈ ಗಾಳಿ ಬೀಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾಸ್ಕರಬುವಾ ಬಖಲೆಯವರಂತಹ ದೊಡ್ಡ ಗಾಯಕರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸುತ್ತಿದ್ದರು. ಅಂದರೆ ಮುಂದೆ ಶಾಲೆಗಳಿಗೆ ಮೇಷ್ಟ್ರಾಗಿ ಹೋಗುವವರ ಕಾಲೇಜಿಗೆ ಸಂಗೀತ ಆಗಲೇ ಕಾಲಿಟ್ಟಿತ್ತು. ಇನ್ನೊಂದು ಕಡೆ, ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ, ಹುಟ್ಟುಕುರುಡರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕಟ್ಟಿಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಗದಗಿನಲ್ಲಿ 1942ರಲ್ಲಿ ನೆಲೆ ನಿಂತ ವೀರೇಶ್ವರ ಪುಣ್ಯಾಶ್ರಮವನ್ನು ಅವರ ಬಳಿಕ ಪಂಡಿತ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದರು. ಮಕ್ಕಳ ಊಟದ ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದ ಸಂಸ್ಥೆ ಅದು. ಹಾಡಿದರೆ ಹೊಟ್ಟೆ ತುಂಬುತ್ತದೆಯೇ ಎಂಬ ಪ್ರಶ್ನೆಗೆ ಅಲ್ಲಿ ಪ್ರತಿದಿನ ನೂರಾರು ತಟ್ಟೆಗಳ ಮುಂದೆ ಉತ್ತರ ಹುಡುಕಬೇಕಾಗಿತ್ತು.

ಆಶ್ರಮ ಮತ್ತು ಕಾಲೇಜು, ಈ ಎರಡೂ ದಾರಿಗಳು ಒಬ್ಬರೇ ವ್ಯಕ್ತಿಯಲ್ಲಿ ಕೂಡಿದ ಉದಾಹರಣೆ ನಿಮ್ಮ ಸೀಮೆಯಲ್ಲಿಯೇ ಇದೆ. ಪಂಡಿತ ಎಂ. ವೆಂಕಟೇಶಕುಮಾರರು 1953ರಲ್ಲಿ ಜನಿಸಿದವರು. ತಂದೆ ಜಾನಪದ ಗಾಯಕರು, ಗೊಂಬೆಯಾಟದವರು. ಸೋದರಮಾವ, ಬಳ್ಳಾರಿಯ ಹೆಸರಾಂತ ರಂಗಕಲಾವಿದ ಬೆಳಗಲ್ಲು ವೀರಣ್ಣನವರು, 1968ರಲ್ಲಿ ಹುಡುಗನನ್ನು ಗದಗಿನ ಆಶ್ರಮಕ್ಕೆ ಕರೆದುಕೊಂಡು ಹೋಗಿ ಬಿಟ್ಟರು. ಅಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಹನ್ನೆರಡು ವರ್ಷ ಕಲಿತರು. ಬಳಿಕ ಧಾರವಾಡದ ವಿಶ್ವವಿದ್ಯಾಲಯ ಸಂಗೀತ ಕಾಲೇಜಿನಲ್ಲಿ 33 ವರ್ಷ ಅಧ್ಯಾಪಕರಾಗಿದ್ದು 2015ರಲ್ಲಿ ನಿವೃತ್ತರಾದರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಈ ಬದುಕಿನಲ್ಲಿ ಎರಡು ಅಂಶಗಳನ್ನು ಗುರುತಿಸಿರಿ. ವಿದ್ಯೆ ಕೈಗೂಡಲು ಹನ್ನೆರಡು ವರ್ಷ ಬೇಕಾಯಿತು. ಆ ವಿದ್ಯೆಗೆ ತಿಂಗಳ ಸಂಬಳವನ್ನೂ ನೂರಾರು ಶಿಷ್ಯರನ್ನೂ ಕೊಟ್ಟದ್ದು ಒಂದು ಕಾಲೇಜು.

ಇನ್ನು ವ್ಯಾವಹಾರಿಕ ವಿಷಯಕ್ಕೆ ಬರೋಣ. ಸಂಗೀತ ಕಲಿಯಬಯಸುವ ವಿದ್ಯಾರ್ಥಿಯ ಮುಂದೆ ಎರಡು ಬಗೆಯ ಮೆಟ್ಟಿಲುಗಳಿವೆ. ಮೊದಲನೆಯದು ಪರೀಕ್ಷೆಗಳದು. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂಬ ರಾಜ್ಯ ಮಟ್ಟದ ಪರೀಕ್ಷೆಗಳು ಬಹುಕಾಲದಿಂದ ನಡೆದುಬಂದಿವೆ. ಹಿಂದುಸ್ತಾನಿಯಲ್ಲಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು ಪ್ರಾರಂಭಿಕದಿಂದ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರದವರೆಗೆ ಇವೆ. ಶಾಲೆಗೆ ಹೋಗುತ್ತಲೇ, ಊರಲ್ಲಿದ್ದುಕೊಂಡೇ, ಹತ್ತಿರದ ಪಟ್ಟಣದ ಗುರುಗಳ ಬಳಿ ಕಲಿತು ಈ ಪರೀಕ್ಷೆಗಳಿಗೆ ಕೂಡಬಹುದು.

ಎರಡನೆಯದು ವಿಶ್ವವಿದ್ಯಾಲಯದ ಪದವಿ. ಪಿಯುಸಿ ಬಳಿಕ ಸಂಗೀತವನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡಬಹುದು, ಇಲ್ಲವೆ ಪ್ರದರ್ಶಕ ಕಲೆಯ ಪದವಿಗೆ ಸೇರಬಹುದು. ಅದಾದ ಮೇಲೆ ಎರಡು ವರ್ಷಗಳ, ನಾಲ್ಕು ಸೆಮಿಸ್ಟರುಗಳ ಸ್ನಾತಕೋತ್ತರ ಪದವಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಿಂದುಸ್ತಾನಿಗೆ ಹೆಸರಾದದ್ದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಮುಂತಾದವರು ಅದರ ಸಂಗೀತ ವಿಭಾಗದೊಡನೆ ಸಂಬಂಧವಿಟ್ಟುಕೊಂಡಿದ್ದರು. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು ಕರ್ನಾಟಕ ಸಂಗೀತಕ್ಕೆ ಹೆಸರಾದದ್ದು. ಮೈಸೂರಿನಲ್ಲಿಯೇ ಸಂಗೀತಕ್ಕೂ ಪ್ರದರ್ಶಕ ಕಲೆಗಳಿಗೂ ಮೀಸಲಾದ ಡಾ. ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವಿದೆ. ನಿಮಗೆ ಹತ್ತಿರದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯದಲ್ಲಿ ಸಂಗೀತದ ಅಧ್ಯಯನ, ಸಂಶೋಧನೆಗಳಿಗೆ ಅವಕಾಶವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ವಿಶಾರದ ಎಂದರೆ ಬಿ.ಎ., ಅಲಂಕಾರ ಎಂದರೆ ಎಂ.ಎ. ಎಂದು ಹೇಳುವ ರೂಢಿಯುಂಟು. ಈ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು ನೇಮಕಾತಿಯಲ್ಲಿ ಒಪ್ಪುವ ಪ್ರಮಾಣಪತ್ರವನ್ನು ಇನ್ನೊಂದು ನೇಮಕಾತಿ ಒಪ್ಪದಿರಬಹುದು. ಒಂದು ವಿಶ್ವವಿದ್ಯಾಲಯ ಬೇರೆ ವಿಷಯದ ಪದವೀಧರರನ್ನು ವಿದ್ವತ್ ಅಥವಾ ವಿಶಾರದದ ಆಧಾರದ ಮೇಲೆ ಎಂ.ಎ. ತರಗತಿಗೆ ಸೇರಿಸಿಕೊಂಡರೆ, ಮತ್ತೊಂದು ಸೇರಿಸಿಕೊಳ್ಳದಿರಬಹುದು. ಆದ್ದರಿಂದ ಫೀಸು ಕಟ್ಟುವ ಮೊದಲು ಆ ವರ್ಷದ ಪ್ರಕಟಣೆಯನ್ನು ತರಿಸಿಕೊಂಡು, ಅರ್ಹತೆಯ ಸಾಲನ್ನು ಎರಡು ಸಲ ಓದಿರಿ. ಗೊತ್ತಾಗದಿದ್ದರೆ ವಿಭಾಗಕ್ಕೇ ಹೋಗಿ ಕೇಳಿರಿ. ಬಸ್ಸಿನ ಖರ್ಚು ಹೋದರೂ ವರ್ಷ ಉಳಿಯುತ್ತದೆ.

ಪದವಿಯಿಂದ ಯಾವ ಬಾಗಿಲು ತೆರೆಯುತ್ತದೆ? ಕಾಲೇಜು ಅಧ್ಯಾಪಕರಾಗಬೇಕೆಂದರೆ ಸಾಮಾನ್ಯವಾಗಿ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿ, ಜೊತೆಗೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬೇಕು. ಮೀಸಲು ವರ್ಗದವರಿಗೆ ಅಂಕಗಳಲ್ಲಿ ರಿಯಾಯಿತಿ ಉಂಟು. ಈ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯ. 2018ರ ಯುಜಿಸಿ ನಿಯಮಾವಳಿಯು ಇನ್ನೊಂದು ದಾರಿಯನ್ನೂ ಗುರುತಿಸಿತು: ಪದವಿ ಪಡೆದಿದ್ದು, ಹೆಸರಾಂತ ಗುರುಗಳ ಬಳಿ ಕಲಿತ, ಆಕಾಶವಾಣಿ, ದೂರದರ್ಶನಗಳ ಉನ್ನತ ಶ್ರೇಣಿಯ, ಗಣನೀಯ ಸಾಧನೆಯ ಕಲಾವಿದರನ್ನೂ ಪರಿಗಣಿಸಬಹುದೆಂದಿತು. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ವಿಭಾಗಕ್ಕೆ ಸಂಗೀತ ಶಿಕ್ಷಕರನ್ನು ಆರಿಸುವಾಗ ಸಂಗೀತದ ಪದವಿಯನ್ನೇ ಕೇಳಿದ್ದಾರೆ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 2014ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಪ್ರದರ್ಶಕ ಕಲೆಗಳ ಶಿಕ್ಷಣಕ್ಕೆಂದೇ ಒಂದು ಡಿಪ್ಲೊಮಾ ಸೇರಿತ್ತು.

ಸರಕಾರಿ ಶಾಲೆಗಳ ಮಾತೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣಗಳಿಗೆ ಅರೆಕಾಲಿಕ ಬೋಧಕರಿರಬೇಕೆಂದು ಅದರಲ್ಲಿ ಬರೆದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಕಲೆಯನ್ನು ಹತ್ತನೆಯ ತರಗತಿಯವರೆಗೆ ಒಂದು ವಿಷಯವಾಗಿಯೇ ಕಲಿಸಬೇಕೆಂದು ಹೇಳಿತು. ಕಾಗದದ ಮೇಲಿನ ಈ ಸಾಲು ಎಷ್ಟರ ಮಟ್ಟಿಗೆ ಜಾರಿಗೆ ಬಂದಿದೆಯೆಂಬುದನ್ನು ನಿಮ್ಮ ಶಾಲೆಯ ಹಾಜರಿ ಪುಸ್ತಕವನ್ನು ನೋಡಿಯೇ ನೀವು ಹೇಳಬಲ್ಲಿರಿ. ಆದರೂ ಸಾಲು ಅಲ್ಲಿದೆ. ಹಕ್ಕೊತ್ತಾಯ ಮಾಡುವ ಊರು ಬೇಕು. ಹುದ್ದೆ ಬಂದ ದಿನ ಅದನ್ನು ತುಂಬಬಲ್ಲ ಅರ್ಹರೂ ಬೇಕು.

ಇಷ್ಟು ಹೇಳಿದ ಮೇಲೆ ನಿಜವನ್ನೂ ಹೇಳಬೇಕು. ಸಂಗೀತದ ಹುದ್ದೆಗಳು ಕಡಿಮೆ. ವರ್ಷವರ್ಷವೂ ಅರ್ಜಿ ಕರೆಯುವುದಿಲ್ಲ. ಎಂ.ಎ. ಮುಗಿಸಿದವರು ಕೆಲವು ವರ್ಷ ಅತಿಥಿ ಉಪನ್ಯಾಸಕರಾಗಿ, ಖಾಸಗಿ ಶಾಲೆಗಳಲ್ಲಿ, ಮನೆಪಾಠಗಳಲ್ಲಿ ದುಡಿಯಬೇಕಾಗಿ ಬರುವುದು ಸಾಮಾನ್ಯ. ಇದನ್ನು ಮನೆಯಲ್ಲಿ ಮುಚ್ಚಿಡಬೇಡಿ. "ಪದವಿ ಮುಗಿದ ಮಾರನೇ ದಿನ ನೌಕರಿ" ಎಂದು ಅಪ್ಪನಿಗೆ ಮಾತು ಕೊಟ್ಟರೆ ಅದು ಸುಳ್ಳಾಗುತ್ತದೆ. ಅದರ ಬದಲು, "ಸಂಗೀತದ ಜೊತೆಗೆ ಕನ್ನಡವನ್ನೋ ಇತಿಹಾಸವನ್ನೋ ಓದುತ್ತೇನೆ, ಬಿ.ಇಡಿ. ಮಾಡುತ್ತೇನೆ, ಎರಡು ಕಾಲಿನ ಮೇಲೆ ನಿಲ್ಲುತ್ತೇನೆ" ಎಂದು ಹೇಳಿರಿ. ಕನ್ನಡದ ಶಿಕ್ಷಕರಾಗಿದ್ದು ಸಂಗೀತದಲ್ಲಿಯೂ ಪದವಿಯುಳ್ಳವರು ಒಂದು ಶಾಲೆಗೆ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಯಾವ ಮುಖ್ಯೋಪಾಧ್ಯಾಯರನ್ನು ಕೇಳಿದರೂ ಹೇಳುತ್ತಾರೆ.

ಖರ್ಚಿನ ಭಾರ ಹಗುರಾಗಲು ಕೆಲವು ನೆರವುಗಳಿವೆ. 10ರಿಂದ 14 ವರ್ಷದ ಮಕ್ಕಳಿಗೆ ಕೇಂದ್ರ ಸರಕಾರದ ಸಿಸಿಆರ್‌ಟಿ ಸಂಸ್ಥೆಯು ಪ್ರತಿಭಾ ಶೋಧದ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. 18ರಿಂದ 25 ವರ್ಷದೊಳಗಿನ, ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತ ಯುವ ಕಲಾವಿದರಿಗೆ ಸಂಸ್ಕೃತಿ ಸಚಿವಾಲಯದ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ವೇತನವುಂಟು. ಐದು ವರ್ಷ ಎಂಬ ಮಾತನ್ನು ನೆನಪಿಡಿ. ಪಿಯುಸಿ ಮುಗಿದ ಮೇಲೆ ಸರಳೆ ವರಸೆ ಆರಂಭಿಸಿದವರಿಗೆ ಇದು ತಡವಾಗಿ ಸಿಗುತ್ತದೆ, ಹೈಸ್ಕೂಲಿನಲ್ಲಿಯೇ ಆರಂಭಿಸಿದವರಿಗೆ ಸಕಾಲದಲ್ಲಿ ಸಿಗುತ್ತದೆ. ಇದಲ್ಲದೆ ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿ ಇದೆ. ಕಂದಾಯ ಇಲಾಖೆಯಿಂದ ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿರಿ. ಅರ್ಜಿಯ ಕೊನೆಯ ದಿನ ಕಚೇರಿಯ ಬಾಗಿಲಲ್ಲಿ ನಿಲ್ಲುವ ಪಾಡು ಬೇಡ.

ಇನ್ನು, ಎಂ.ಎ. ತರಗತಿಯಲ್ಲಿ ಕಲಿಯುವುದೇನು? ಹಾಡುಗಾರಿಕೆ ಅಥವಾ ವಾದ್ಯ, ಅದರೊಡನೆ ಶಾಸ್ತ್ರ. ಶಾಸ್ತ್ರವೆಂದ ಕೂಡಲೇ ಬೆದರಬೇಡಿ. ಅಲ್ಲಿ ನಿಮಗೆ ನಿಮ್ಮ ನೆರೆಹೊರೆಯವರೇ ಸಿಗುತ್ತಾರೆ. 13ನೆಯ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ಕ್ಕೆ ಹೆಸರಾಂತ ಟೀಕೆ ಬರೆದ ಕಲ್ಲಿನಾಥ, ವಿಜಯನಗರದ ಇಮ್ಮಡಿ ದೇವರಾಯನ ಕಾಲದವನು. ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಸ್ಥಾನಗಳನ್ನು ನಿಶ್ಚಯಿಸಿ, ರಾಗಗಳನ್ನು ಮೇಳಗಳಾಗಿ ವಿಂಗಡಿಸಿದ 'ಸ್ವರಮೇಳ ಕಲಾನಿಧಿ'ಯನ್ನು ರಾಮಾಮಾತ್ಯನು 1550ರಲ್ಲಿ ಬರೆದದ್ದು ಅಳಿಯ ರಾಮರಾಯನ ಪ್ರೇರಣೆಯಿಂದ. ಹಂಪಿಯನ್ನು ಕಲ್ಲಿನ ರಥಕ್ಕಾಗಿ ನೋಡಿ ಬಂದ ನೀವು, ಈ ಪುಸ್ತಕಗಳನ್ನು ಓದಿದ ಮೇಲೆ ಅದೇ ಹಂಪಿಯನ್ನು ಸಂಗೀತಶಾಸ್ತ್ರದ ಊರಾಗಿಯೂ ನೋಡುವಿರಿ.

ಆದರೆ ಶಿಕ್ಷಕರಾಗಬಯಸುವವರು ಪಠ್ಯದಲ್ಲಿಲ್ಲದ ಇನ್ನಷ್ಟನ್ನು ಕಲಿಯಬೇಕು. ಒಂದು ಸಣ್ಣ ಉದಾಹರಣೆ. ಹಾರ್ಮೋನಿಯಂ ಭಾಷೆಯಲ್ಲಿ ಗಂಡಸರು ಸಾಮಾನ್ಯವಾಗಿ ಕಪ್ಪು ಒಂದರ ಸುತ್ತಮುತ್ತ ಹಾಡುತ್ತಾರೆ. ಹೆಂಗಸರು ಬಿಳಿ ಐದರ ಆಸುಪಾಸಿನಲ್ಲಿ. ಚಿಕ್ಕ ಮಕ್ಕಳ ದನಿ ಹೆಣ್ಣುದನಿಗೆ ಹತ್ತಿರ. ಮೇಷ್ಟ್ರು ತಮ್ಮ ಶ್ರುತಿಯಲ್ಲಿ ಹಾಡಿ "ಹೇಳ್ರೋ" ಎಂದರೆ ಮಕ್ಕಳಿಗೆ ಕೆಳಗಿನ ಸ್ವರಗಳು ಸಿಗುವುದಿಲ್ಲ. ಗೊಣಗುತ್ತಾರೆ, ಇಲ್ಲವೆ ಕಿರುಚುತ್ತಾರೆ. "ಈ ಮಕ್ಕಳಿಗೆ ಶ್ರುತಿಯಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ತಪ್ಪು ಮಕ್ಕಳ ಗಂಟಲಿನದಲ್ಲ, ಹಿಡಿದ ಶ್ರುತಿಯದು. ಹಾಗೆಯೇ ಹದಿಮೂರು ಹದಿನಾಲ್ಕರ ಹುಡುಗರ ದನಿ ಒಡೆಯುವ ಕಾಲದಲ್ಲಿ ಅವರನ್ನು ಗದರಿಸಿದರೆ ಅವರು ಮುಂದೆ ಹಾಡುವುದನ್ನೇ ಬಿಟ್ಟಾರು. ಆಗ ಅವರಿಗೆ ತಾಳ ಕೊಡಬೇಕು, ತಬಲಾ ಕೊಡಬೇಕು, ಮೆಲ್ಲಗೆ ಹಾಡಿಸಬೇಕು. ಸಂಗೀತ ಶಿಕ್ಷಣವೆಂಬ ವಿದ್ಯೆ ಇಂತಹ ತಿಳಿವಳಿಕೆಗಳ ಮೊತ್ತ.

ಮಕ್ಕಳಿಗೆ ಮೊದಲು ಏನನ್ನು ಹಾಡಿಸಬೇಕು ಎಂಬ ಪ್ರಶ್ನೆಗೆ ಹಂಗೇರಿ ದೇಶದ ಜೋಲ್ತಾನ್ ಕೋದಾಯಿ ಎಂಬ ಸಂಗೀತ ರಚನೆಕಾರರು ಕೊಟ್ಟ ಉತ್ತರ ನಮಗೂ ಒಪ್ಪುವಂಥದು. ಅವರು ಮತ್ತು ಅವರ ಗೆಳೆಯ ಬೇಲಾ ಬಾರ್ತೋಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಹಳ್ಳಿ ಸುತ್ತಿ ರೈತರ ಹಾಡುಗಳನ್ನು ಸಂಗ್ರಹಿಸಿದರು. ಮಗುವಿನ ಸಂಗೀತ ಶಿಕ್ಷಣ ಅದರ ಸ್ವಂತ ಭಾಷೆಯ ಜನಪದ ಗೀತೆಯಿಂದಲೇ ಆರಂಭವಾಗಬೇಕು, ಮೊದಲ ವಾದ್ಯ ಅದರ ಕಂಠವೇ ಆಗಿರಬೇಕು ಎಂಬುದು ಕೋದಾಯಿಯವರ ವಿಚಾರ. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇತ್‌ನಲ್ಲಿ ದಿನವೂ ಸಂಗೀತ ಕಲಿಸುವ ಪ್ರಾಥಮಿಕ ಶಾಲೆ ಆರಂಭವಾಯಿತು. ದುಬಾರಿ ವಾದ್ಯಗಳಿಲ್ಲದ ಶಾಲೆಗೂ ಹೊಂದುವ ವಿಚಾರ ಇದು.

ತೆಲಿಗಿಯ ಶಾಲೆಗೆ ಇದನ್ನು ತಂದು ನೋಡಿರಿ. ಬೀಸುವ ಪದಗಳ ಅನೇಕ ಧಾಟಿಗಳು ಕೆಲವೇ ಸ್ವರಗಳೊಳಗೆ ಸುಳಿಯುತ್ತವೆ. ಐದನೆಯ ತರಗತಿಯ ಮಗುವಿನ ಕಂಠಕ್ಕೆ ಹೇಳಿ ಮಾಡಿಸಿದ ಹಾಗೆ. ತ್ರಿಪದಿಯ ಮೂರು ಸಾಲುಗಳು ಬಾಯಿಪಾಠವಾದ ಮೇಲೆ ಅದೇ ಧಾಟಿಯನ್ನು ಸ ರಿ ಗ ಮ ಎಂದು ಹಾಡಿಸಿದರೆ ಸ್ವರಜ್ಞಾನ ಬಂದಿತು. ಕೋಲಾಟದ ಕೋಲು ಬೀಳುವ ಜಾಗವನ್ನು ಎಣಿಸಿದರೆ ತಾಳದ ಪಾಠವಾಯಿತು. ಬಯಲಾಟದ ಹಾಡನ್ನು ಶಾಸ್ತ್ರೀಯ ರಾಗದೊಡನೆ ಹೋಲಿಸಿದರೆ ರಾಗದ ಪಾಠವಾಯಿತು. ಮಗುವಿನ ಅಜ್ಜಿಯೇ ಪಾಠದ ಪುಸ್ತಕ. ಆದರೆ ಆ ಪುಸ್ತಕವನ್ನು ಓದಲು ಸ್ವರ ಬರೆಯಬಲ್ಲ, ತಾಳ ಗುರುತಿಸಬಲ್ಲ, ಧ್ವನಿಮುದ್ರಿಸಿ ಜೋಪಾನ ಮಾಡಬಲ್ಲ ಒಬ್ಬರು ಬೇಕು. ಆ ಒಬ್ಬರನ್ನು ತಯಾರು ಮಾಡುವುದೇ ನಾವು ಹೇಳುತ್ತಿರುವ ಪದವಿಯ ಸಾರ್ಥಕತೆ. ಅಜ್ಜಿಯರು ನಮಗಾಗಿ ಕಾಯುತ್ತ ಕುಳಿತಿರುವುದಿಲ್ಲ. ಸಾವಿರಾರು ಸಾಲುಗಳ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ಬುರ್ರಕಥೆಯ ದರೋಜಿ ಈರಮ್ಮನವರು 2014ರಲ್ಲಿ ತೀರಿಕೊಂಡರು. ರಂಗಗೀತೆಗಳ ಸುಭದ್ರಮ್ಮ ಮನ್ಸೂರು 2020ರಲ್ಲಿ. ಬಳ್ಳಾರಿ ಸೀಮೆ ಅವರಿಂದ ಎಷ್ಟನ್ನು ಕಲಿತಿತು, ಎಷ್ಟನ್ನು ಕಳೆದುಕೊಂಡಿತು ಎಂದು ಲೆಕ್ಕ ಹಾಕಬೇಕಾದವರು ನಿಮ್ಮ ಪೀಳಿಗೆಯವರು.

ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳೋಣ. ಹರಪನಹಳ್ಳಿ ಸೀಮೆ ಎರಡು ಸಂಗೀತಗಳ ಗಡಿ. ಉತ್ತರಕ್ಕೆ ಹೋದರೆ ಗದಗು, ಧಾರವಾಡಗಳ ಹಿಂದುಸ್ತಾನಿ. ದಕ್ಷಿಣಕ್ಕೆ ಹೋದರೆ ಮೈಸೂರು, ಬೆಂಗಳೂರುಗಳ ಕರ್ನಾಟಕ ಸಂಗೀತ. ಯಾವುದನ್ನು ಆರಿಸಬೇಕು? ನಿಮಗೆ ವಾರಕ್ಕೆ ಎರಡು ಸಲವಾದರೂ ಎದುರು ಕೂರಿಸಿಕೊಂಡು ತಿದ್ದುವ ಗುರು ಯಾವ ಪದ್ಧತಿಯಲ್ಲಿ ಸಿಗುತ್ತಾರೋ ಅದನ್ನು ಆರಿಸಿರಿ. ಮೊಬೈಲಿನಲ್ಲಿ ಎರಡೂ ಪದ್ಧತಿಗಳ ಮಹಾನ್ ಗಾಯಕರನ್ನು ಕೇಳಬಹುದು. ಅದು ದೊಡ್ಡ ಭಾಗ್ಯವೇ. ಆದರೆ ನಿಮ್ಮ ಗಾಂಧಾರ ಒಂದು ಕೂದಲೆಳೆ ಕೆಳಗಿಳಿದಾಗ "ಹಾಂ, ಇನ್ನೊಮ್ಮೆ" ಎನ್ನುವ ಗುರುವಿನ ಜಾಗವನ್ನು ಅದು ತುಂಬುವುದಿಲ್ಲ. ಕಾಲೇಜಿಗೆ ಸೇರಿದ ಮೇಲೂ ಗುರುವನ್ನು ಬಿಡಬೇಡಿ. ಒಂದು ಗಂಟೆಯ ಪೀರಿಯಡ್‌ನಲ್ಲಿ ಇಪ್ಪತ್ತು ಜನರ ನಡುವೆ ಕುಳಿತು ಕಲಿತದ್ದು ಬೆಳಗಿನ ಸಾಧನೆಯಿಲ್ಲದೆ ಕಂಠಕ್ಕೆ ಇಳಿಯುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಬಳಿ ಗಂಗೂಬಾಯಿಯವರ ಹೆಸರಿನಲ್ಲಿ ಗುರುಕುಲವನ್ನು ಸ್ಥಾಪಿಸಿದ್ದು ಈ ಕಾರಣದಿಂದಲೇ.

ವಿದ್ಯಾರ್ಥಿನಿಯರಿಗೆ ಒಂದು ಮಾತು. ಹೆಣ್ಣುಮಕ್ಕಳು ಹಾಡುವುದನ್ನು ಸಮಾಜ ಬಹುಕಾಲ ಎರಡು ಬಗೆಯಾಗಿ ಕಂಡಿತು: ಮನೆಯೊಳಗೆ ಹಾಡಿದರೆ ಪುಣ್ಯ, ವೇದಿಕೆಯಲ್ಲಿ ಹಾಡಿದರೆ ಆಡಿಕೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಜಾತಿಯ ಹೆಸರಿನಲ್ಲಿ, ಹೆಣ್ಣೆಂಬ ಹೆಸರಿನಲ್ಲಿ ಆ ಆಡಿಕೆಯನ್ನು ಕೇಳಿಯೇ ಬೆಳೆದರು. ಪ್ರಾಥಮಿಕ ಹಂತದಾಚೆ ಶಾಲೆ ಕಲಿಯಲಾಗಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಪ್ರಾಧ್ಯಾಪಕರಾದರು. 2009ರಲ್ಲಿ ಅವರು ತೀರಿಕೊಂಡರು. ಇಂದು ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಪದವಿಯಿಲ್ಲದ ಒಬ್ಬ ತಾಯಿಯ ಹೆಸರನ್ನು ಹೊತ್ತ ಪದವಿಪತ್ರವನ್ನು ಹಳ್ಳಿಯ ಹುಡುಗಿಯೊಬ್ಬಳು ಪಡೆಯುವುದೆಂದರೆ, ಆ ಆಡಿಕೆಗೆ ಕೊಡಬಹುದಾದ ಒಳ್ಳೆಯ ಉತ್ತರ.

ಹಾಗಾದರೆ ನಾಳೆಯಿಂದ ಏನು ಮಾಡಬೇಕು? ಹೈಸ್ಕೂಲಿನಲ್ಲಿರುವವರು ಒಬ್ಬ ಗುರುವನ್ನು ಹುಡುಕಿಕೊಳ್ಳಿರಿ. ಜೂನಿಯರ್ ಅಥವಾ ಪ್ರಾರಂಭಿಕ ಪರೀಕ್ಷೆಗೆ ಸಿದ್ಧರಾಗಿರಿ. ದಿನಕ್ಕೆ ಒಂದು ಗಂಟೆ ಶ್ರುತಿಯೊಡನೆ ಕೂರಿರಿ. ಪಿಯುಸಿಯವರು ಯಾವ ಯಾವ ಪದವಿ ಕಾಲೇಜಿನಲ್ಲಿ ಸಂಗೀತ ಒಂದು ವಿಷಯವಾಗಿದೆ ಎಂದು ಈಗಲೇ ವಿಚಾರಿಸಿರಿ. ಪದವಿ ತರಗತಿಯವರು ರಾಗಲಕ್ಷಣದ ಜೊತೆಗೆ ಕನ್ನಡ ಮತ್ತು ಇಂಗ್ಲಿಷ್‌ಗಳಲ್ಲಿ ಚೆನ್ನಾಗಿ ಬರೆಯುವುದನ್ನೂ ಕಲಿಯಿರಿ. ಸ್ನಾತಕೋತ್ತರದಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಬರವಣಿಗೆಯಲ್ಲಿ. ಎಲ್ಲರೂ ಒಂದು ಕೆಲಸ ಮಾಡಿರಿ: ನಿಮ್ಮ ಓಣಿಯ ನಾಲ್ಕೈದು ಚಿಕ್ಕ ಮಕ್ಕಳನ್ನು ಭಾನುವಾರ ಸೇರಿಸಿ ಒಂದು ಹಾಡು ಕಲಿಸಿರಿ. ಕಲಿಸುವುದರಲ್ಲಿ ನಿಮಗೆ ಸಂತೋಷವಿದೆಯೇ, ತಾಳ್ಮೆಯಿದೆಯೇ ಎಂಬುದು ನಾಲ್ಕು ಭಾನುವಾರಗಳಲ್ಲಿ ತಿಳಿಯುತ್ತದೆ. ಇಲ್ಲವೆಂದು ತಿಳಿದರೂ ನಷ್ಟವಿಲ್ಲ. ನೀವು ಗಾಯಕರಾಗಬಹುದು, ಒಳ್ಳೆಯ ಕೇಳುಗರಾಗಬಹುದು. ಇದೆಯೆಂದು ತಿಳಿದರೆ ಈ ಪದವಿಗೆ ನೀವು ತಕ್ಕವರು.

ಅಪ್ಪನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಹಾಡು ಒಂದೇ ಹೊಟ್ಟೆ ತುಂಬಿಸುತ್ತದೆಂದು ಯಾರೂ ಮಾತು ಕೊಡಲಾರರು. ಹಾಡಿನ ಜೊತೆಗೆ ಓದು, ಓದಿನ ಜೊತೆಗೆ ಕಲಿಸುವ ಹದ, ಅದರ ಜೊತೆಗೆ ಇನ್ನೊಂದು ವಿಷಯದ ಬಲ ಇದ್ದವರು ಉಪವಾಸ ಬಿದ್ದದ್ದು ಕಡಿಮೆ. ಅಂತಹ ಒಬ್ಬರು ಊರಿಗೆ ಮರಳಿ ಬಂದರೆ ತೆಲಿಗಿಯ ಶಾಲೆಯ ಮಕ್ಕಳು ಪ್ರಾರ್ಥನೆಯನ್ನು ತಮ್ಮ ಕಂಠಕ್ಕೊಪ್ಪುವ ಶ್ರುತಿಯಲ್ಲಿ ಹಾಡಿಯಾರು. ಅದನ್ನು ಒಮ್ಮೆ ಶಾಲೆಯ ಗೇಟಿನ ಹೊರಗೆ ನಿಂತು ಕೇಳಲು ನಿಮ್ಮ ಅಪ್ಪನನ್ನು ಕರೆದುಕೊಂಡು ಬನ್ನಿರಿ.